ರೇಷ್ಮಾಳ ಮಂಡಿ

ಚಿಂತಾಮಣಿಯಿಂದ ಪಶುವೈದ್ಯ ಸುನೀಲ್‌ಕುಮಾರ್ ಫೋನ್ ಮಾಡಿದಾಗ ಬೆಳಿಗ್ಗೆ ಹನ್ನೊಂದೂವರೆ. ಪದ್ಮಶ್ರೀ ಆಗಷ್ಟೇ ಇನ್‌ಕ್ಯುಬೇಟರಿನ ಬಾಗಿಲು ಮುಚ್ಚಿ ಕೈಗವಸು ಕಳಚುತ್ತಿದ್ದಳು.

"ಮೇಡಂ, ಒಂದು ಕುದುರೆ ಇದೆ. ಮದುವೆ ಮೆರವಣಿಗೇಲಿ ಚರಂಡಿ ಚಪ್ಪಡಿ ಕುಸಿದು ಹಿಂಗಾಲು ಮುರ್ಕೊಂಡಿದೆ. ಮೂಳೆ ಆಚೆ ಬಂದ್ಬಿಟ್ಟಿದೆ, ಉಳಿಸೋಕಾಗಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದೀನಿ. ನೀವು ಬರೋದಾದ್ರೆ ಕಾಯ್ತೀನಿ."

"ವಯಸ್ಸೆಷ್ಟು ಸಾರ್?"

"ಒಂಬತ್ತು. ಹೆಣ್ಣು. ಮುಂಗಾಲು ಎರಡೂ ಚೆನ್ನಾಗಿದಾವೆ."

ಇಂಥ ಫೋನುಗಳಿಗಾಗಿಯೇ ಅವಳು ಜಿಲ್ಲೆಯ ಪಶುವೈದ್ಯರಿಗೆಲ್ಲ ನಂಬರು ಕೊಟ್ಟಿದ್ದಳು. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಇದ್ದ ಆ ಪ್ರಯೋಗಾಲಯದಲ್ಲಿ ಕುದುರೆಗಳ ಕೀಲು ಬೆಳೆಸುತ್ತಿದ್ದರು. ಸತ್ತ ಕುದುರೆಯ ಮಂಡಿಯಿಂದ ಮೆದುಮೂಳೆಯ ಚೂರನ್ನೂ ಒಳಪೊರೆಯ ಚೂರನ್ನೂ ತೆಗೆದು, ಅವುಗಳ ಜೀವಕೋಶಗಳನ್ನು ಬಿಡಿಸಿ ಗಾಜಿನಂಥ ತಟ್ಟೆಗಳಲ್ಲಿ ಸಾಕುವುದು, ಸಾಕಿದ್ದನ್ನು ಮತ್ತೆ ಒಂದರ ಮೇಲೊಂದು ಹೊಂದಿಸಿ ತೊಗರಿಬೇಳೆ ಗಾತ್ರದ ಪುಟ್ಟ ಕೀಲಾಗಿ ಕೂಡಿಸುವುದು, ಇದು ಪದ್ಮಶ್ರೀಯ ಕೆಲಸ. ಕುದುರೆಗಳಿಗೆ ಬರುವ ಕೀಲುಬೇನೆಯ ಔಷಧಿಗಳನ್ನು ಆ ಬೇಳೆಗಳ ಮೇಲೆ ಪರೀಕ್ಷಿಸಬಹುದಿತ್ತು. ಆದರೆ ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಮಂಡಿ ಅವಳ ಕೈಗೆ ಬರಬೇಕಿತ್ತು.

ಐಸ್ ಪೆಟ್ಟಿಗೆ ಹಿಡಿದುಕೊಂಡು ಅವಳು ಶಿಡ್ಲಘಟ್ಟದ ಮೇಲೆ ಚಿಂತಾಮಣಿ ತಲುಪಿದಾಗ ಮದುವೆಯವರು ಕಾರಿನಲ್ಲಿ ಛತ್ರಕ್ಕೆ ಹೋಗಿಬಿಟ್ಟಿದ್ದರು. ಬೀದಿಯಲ್ಲಿ ಬಿಳಿ ಕುದುರೆಯೊಂದು ಒರಗಿ ಮಲಗಿತ್ತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜರಿಯಂಚಿನ ಕೆಂಪು ಕೋಟು ತೊಟ್ಟ ಅರವತ್ತರ ಹತ್ತಿರದ ಗಂಡಸು ಕೂತಿದ್ದ. ಹೆಸರು ಷರೀಫ್. ಒಂದು ಕಾಲಕ್ಕೆ ಜಟಕಾ ಓಡಿಸುತ್ತಿದ್ದವನು. ಆಟೋಗಳು ಬಂದ ಮೇಲೆ ಮದುವೆಗಳಿಗೆ ಕುದುರೆ ಕಳಿಸಿ ಬದುಕುತ್ತಿದ್ದ. ಈಗ ಉಳಿದಿದ್ದುದು ಇದೊಂದೇ. ಅವನ ಹೆಂಡತಿ ಬಿಸ್ಮಿಲ್ಲಾ ಬೀ ಕನ್ನಡಿ ಹೊಲಿದ ಜೀನನ್ನು ಎದೆಗವಚಿಕೊಂಡು ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದಳು.

ಪದ್ಮಶ್ರೀ ಅವನ ಎದುರು ಕುಕ್ಕರಗಾಲಿನಲ್ಲಿ ಕೂತಳು. ಈ ಮಾತನ್ನು ಕೇಳುವುದು ಅವಳಿಗೆ ಯಾವತ್ತೂ ಸಲೀಸಾಗಿರಲಿಲ್ಲ.

"ಇದರ ಹೆಸರೇನು?"

"ರೇಷ್ಮಾ."

"ರೇಷ್ಮಾಗೆ ನೋವಿಲ್ಲದ ಹಾಗೆ ಕಳಿಸಿಕೊಡ್ತೀವಿ. ಆಮೇಲೆ... ಅದರ ಒಂದು ಮುಂಗಾಲಿನ ಮಂಡಿ ನಮಗೆ ಬೇಕಾಗಿತ್ತು."

ಷರೀಫ್ ಅವಳ ಮುಖ ನೋಡಿದ. "ಕೊಯ್ತೀರಾ?"

"ಹೌದು. ಮಂಡಿ ಅಷ್ಟೇ. ಬೇರೆ ಏನೂ ಮುಟ್ಟಲ್ಲ."

"ತಗೊಂಡು ಏನ್ ಮಾಡ್ತೀರಮ್ಮ?"

ಎಷ್ಟೋ ಸಲ ಹೇಳಿದ್ದ ಉದ್ದದ ವಿವರಣೆಯನ್ನು ಅವಳು ಕೈಬಿಟ್ಟಳು. "ಬೆಳೆಸ್ತೀವಿ. ನಮ್ಮ ಲ್ಯಾಬಲ್ಲಿ ಅದು ಬದುಕಿರುತ್ತೆ," ಎಂದಳು.

ಹೇಳಿದ್ದು ಸುಳ್ಳಲ್ಲ. ಆದರೂ ಹೇಳಿದ ಕೂಡಲೇ ಅವಳಿಗೆ ಇರುಸುಮುರುಸಾಯಿತು. ಷರೀಫ್ ಬಹಳ ಹೊತ್ತು ಕುದುರೆಯ ಕಿವಿಯನ್ನು ಬೆರಳಲ್ಲಿ ಸವರುತ್ತ ಕೂತಿದ್ದು, ಕೊನೆಗೆ ಒಪ್ಪಿಗೆ ಪತ್ರಕ್ಕೆ ಉರ್ದುವಿನಲ್ಲಿ ಸಹಿ ಹಾಕಿದ.

ರೇಷ್ಮಾಳನ್ನು ಊರಾಚೆಯ ಕೆರೆಯಂಗಳದಲ್ಲಿ ಹೂತರು. ಮಂಡಿ ಐಸ್ ಪೆಟ್ಟಿಗೆಯಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂತು.

ಜೀವಕೋಶಗಳು ಚೆನ್ನಾಗಿ ಹಿಡಿದುಕೊಂಡವು. ಅಷ್ಟು ಶುದ್ಧವಾಗಿ, ಅಷ್ಟು ಬೇಗ ತಟ್ಟೆ ತುಂಬಿದ್ದನ್ನು ಪದ್ಮಶ್ರೀ ನೋಡಿರಲಿಲ್ಲ. ಮೂರು ದಿನಕ್ಕೊಮ್ಮೆ ಆಹಾರದ ಕೆಂಪು ದ್ರವ ಬದಲಾಯಿಸಬೇಕಿತ್ತು. ಭಾನುವಾರ ಬಿದ್ದರೂ ಪೆರೇಸಂದ್ರದ ಮನೆಯಿಂದ ಸ್ಕೂಟರಿನಲ್ಲಿ ಬಂದು ಬದಲಾಯಿಸಿ ಹೋಗುತ್ತಿದ್ದಳು. "ಹಸು ಕಟ್ಟಿದೋರಿಗೂ ಇಷ್ಟು ಬಂಧನ ಇರಲ್ಲ ಕಣೇ," ಎಂದು ಅವಳ ತಾಯಿ ಅಮ್ಮಾಜಮ್ಮ ಗೊಣಗುತ್ತಿದ್ದಳು.

ಹದಿನೇಳನೆಯ ದಿನ ಷರೀಫ್ ಲ್ಯಾಬಿನ ಗೇಟಿಗೆ ಬಂದ. ಎರಡು ಬಸ್ಸು ಬದಲಾಯಿಸಿ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಬಂದಿದ್ದ.

"ನೋಡ್ಬೋದಾ ಅಮ್ಮ?"

ಹೊರಗಿನವರನ್ನು ಒಳಗೆ ಬಿಡುವಂತಿರಲಿಲ್ಲ. ಪದ್ಮಶ್ರೀ ಅವನಿಗೆ ನೀಲಿ ಟೋಪಿ, ಕೋಟು ತೊಡಿಸಿ ಕರೆದುಕೊಂಡು ಹೋದಳು. ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹೇಗಿಡಬೇಕೆಂದು ತೋರಿಸಿದಳು. ಅವನಿಗೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಕೋಶಗಳು ಕಂಡವು.

"ರೇಷ್ಮೆ ಚಾಕಿ ಹುಳ ಇದ್ದಂಗಿದೆ," ಎಂದ ನಿಧಾನವಾಗಿ. "ಮೊಟ್ಟೆ ಒಡೆದು ಸೊಪ್ಪಿನ ಮೇಲೆ ಮೊದಲ್ನೇ ದಿನ ಹರಡ್ಕೊಂಡಿರ್ತಾವಲ್ಲ, ಹಂಗೆ. ಏನು ತಿಂತಾವೆ?"

"ಆ ಕೆಂಪು ನೀರು."

"ಭಾನುವಾರ ಯಾರು ಹಾಕ್ತಾರೆ?"

"ನಾನೇ."

ಅವನು ಕಣ್ಣೆತ್ತಿ ಅವಳನ್ನು ನೋಡಿ ತಲೆಯಾಡಿಸಿದ. ಅಲ್ಲಿಂದ ಮುಂದೆ ಎರಡು ವಾರಕ್ಕೊಮ್ಮೆ ಬರತೊಡಗಿದ. ಲ್ಯಾಬಿನ ಮುಖ್ಯಸ್ಥ ಹರಿಕೃಷ್ಣ ಒಂದೆರಡು ಸಲ ಮುಖ ಗಂಟಿಕ್ಕಿದರೂ ಆಮೇಲೆ ತಾನೇ ಅವನನ್ನು ಕೂರಿಸಿ ಕಾಫಿ ಕೊಡಿಸಿದ. ಕುದುರೆಗಳ ಬಗ್ಗೆ ಷರೀಫನಿಗೆ ಗೊತ್ತಿದ್ದಷ್ಟು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ಸಲ ಬಂದಾಗ ಪದ್ಮಶ್ರೀ ಒಂದು ತಟ್ಟೆಗೆ ಏನನ್ನೋ ಹನಿಹನಿಯಾಗಿ ಬಿಡುತ್ತಿದ್ದಳು.

"ಇವತ್ತು ಬೇರೆ ಊಟಾನಾ?"

ಅವಳ ಕೈ ನಿಂತಿತು. ಹೌದು ಎಂದುಬಿಡಬಹುದಿತ್ತು.

"ಊಟ ಅಲ್ಲ. ಇದನ್ನ ಹಾಕಿದ್ರೆ ಕೀಲಿಗೆ ಬೇನೆ ಬರುತ್ತೆ. ಬೇನೆ ಬಂದ್ಮೇಲೆ ಔಷಧಿ ಹಾಕಿ ವಾಸಿ ಆಗುತ್ತಾ ಅಂತ ನೋಡ್ತೀವಿ."

"ನೀವೇ ಬೇನೆ ತರ್ತೀರಾ?"

"ಹೌದು."

"ಬದುಕಿರುತ್ತೆ ಅಂದ್ರಿ. ಅದಕ್ಕೆ ಸೈನ್ ಹಾಕ್ದೆ ನಾನು."

"ಇದಕ್ಕೆ ನೋವಾಗಲ್ಲ. ನರ ಇಲ್ಲ, ಮೆದುಳಿಲ್ಲ..."

"ನಿಮಗೆ ಗೊತ್ತಿರ್ಬೋದು," ಎಂದು ಅವನು ಟೋಪಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಹೊರಟೇಬಿಡುತ್ತಾನೆ ಎನ್ನಿಸಿ ಪದ್ಮಶ್ರೀ ಅವನನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದಳು.

ಅವಳು ಓದುತ್ತಿದ್ದಾಗ, ಬೇರೊಂದು ರಾಜ್ಯದಲ್ಲಿ, ಇದೇ ಪರೀಕ್ಷೆಯನ್ನು ಬದುಕಿರುವ ಕುದುರೆಗಳ ಮೇಲೆ ಮಾಡಿದ್ದರು. ರೇಸಿನಿಂದ ನಿವೃತ್ತಿಯಾದ ಕುದುರೆಗಳು. ಅರಿವಳಿಕೆ ಕೊಟ್ಟು ಮಂಡಿಯೊಳಗೆ ಮೂಳೆಯ ಒಂದು ಚಕ್ಕೆ ಎಬ್ಬಿಸಿ ಬಿಡಬೇಕು. ಕೆಲವು ವಾರಗಳಲ್ಲಿ ಬೇನೆ ತಾನಾಗಿ ಬರುತ್ತದೆ. ಅವಳ ಕೈ ನಡುಗುವುದಿಲ್ಲವೆಂದು ಪ್ರೊಫೆಸರರು ಉಳಿ ಅವಳ ಕೈಗೇ ಕೊಟ್ಟಿದ್ದರು. ಎರಡು ಕುದುರೆಗೆ ಅವಳೇ ಮಾಡಿದ್ದಳು. ಅದರಲ್ಲಿ ಒಂದು, ಕಂದು ಬಣ್ಣದ್ದು, ಕುಂಟುತ್ತಲೇ ಬೇಲಿಯವರೆಗೆ ಬಂದು ಅವಳ ಜೇಬಿನಲ್ಲಿ ಕ್ಯಾರೆಟ್ ಹುಡುಕುತ್ತಿತ್ತು.

"ಯಾರು ಮಾಡಿದ್ದು ಅಂತ ಅದಕ್ಕೆ ಗೊತ್ತಿರಲಿಲ್ಲ," ಎಂದಳು. "ಅದಕ್ಕೇ ನಾನು ಈ ಕೆಲಸಕ್ಕೆ ಬಂದಿದ್ದು. ತಟ್ಟೇಲೇ ಗೊತ್ತಾಗಿಬಿಟ್ರೆ ಕುದುರೆಗಳು ಉಳ್ಕೊಳ್ತಾವೆ."

ಷರೀಫ್ ದ್ರಾಕ್ಷಿ ಚಪ್ಪರಗಳ ಕಡೆ ನೋಡುತ್ತ ಕೂತ. "ಎಷ್ಟು ಉಳ್ಕೊಳ್ತಾವೆ?"

"ಈ ಔಷಧಿಗೆ ಎಂಟು ಬೇಕಾಗಿತ್ತು."

"ಎಂಟು," ಎಂದ ಅವನು. ಟೋಪಿಯನ್ನು ಮತ್ತೆ ತೊಟ್ಟು, "ಹಂಗಿದ್ರೆ ಹಾಕಿ," ಎಂದ.

ಔಷಧಿ ಮುಂಬೈಯ ಒಂದು ಕಂಪನಿಯದು. ನಾಲ್ಕು ತಿಂಗಳು ಪದ್ಮಶ್ರೀ ಅದನ್ನು ರೇಷ್ಮಾಳ ಕೀಲುಗಳ ಮೇಲೆ ನಾನಾ ಪ್ರಮಾಣದಲ್ಲಿ ಪರೀಕ್ಷಿಸಿದಳು. ಕಡಿಮೆ ಹಾಕಿದರೆ ಏನೂ ಆಗಲಿಲ್ಲ. ಹೆಚ್ಚು ಹಾಕಿದ ತಟ್ಟೆಗಳಲ್ಲಿ ಮೆದುಮೂಳೆ ವಾಸಿಯಾಗುವ ಬದಲು ನೆನೆದ ರೊಟ್ಟಿಯಂತೆ ಬಿಟ್ಟುಕೊಂಡಿತು. ಸತ್ತ ಇನ್ನೆರಡು ಕುದುರೆಗಳಿಂದ ಬೆಳೆಸಿದ ಕೀಲುಗಳಲ್ಲೂ ಹಾಗೇ. ಔಷಧಿಯಿಂದ ಪ್ರಯೋಜನವಿಲ್ಲ, ಹೆಚ್ಚಾದರೆ ಅಪಾಯ ಎಂದು ಅವಳು ವರದಿ ಬರೆದು ಕಳಿಸಿದಳು. ಆ ದಿನ ಅವಳಿಗೆ ಸೋತೆನೆಂದು ಅನ್ನಿಸಲಿಲ್ಲ. ಎಂಟು ಕುದುರೆಗಳ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಆರು ವಾರವಾದ ಮೇಲೆ ಹರಿಕೃಷ್ಣ ಅವಳನ್ನು ತನ್ನ ಕೋಣೆಗೆ ಕರೆದ.

"ಕಂಪನಿಯೋರು ನಿನ್ನ ರಿಪೋರ್ಟ್ ಓದಿದಾರೆ. ತಟ್ಟೆ ರಿಸಲ್ಟ್ ಒಂದನ್ನೇ ನಂಬೋಕಾಗಲ್ಲ ಅಂತಾರೆ. ಕುದುರೆ ಮೇಲೆ ಮಾಡ್ಬೇಕಂತೆ. ಪ್ರಾಣಿ ಪ್ರಯೋಗದ ಸಮಿತಿ ಅನುಮತೀನೂ ಬಂದಿದೆ."

"ಸಾರ್, ಮೂರು ಕುದುರೆ ಕೀಲಲ್ಲೂ ಹಾಳಾಗಿದೆ. ಗೊತ್ತಿದ್ದೂ ಗೊತ್ತಿದ್ದೂ ಮಾಡೋದಾ?"

"ನಿನ್ನ ತಟ್ಟೆ ಸುಳ್ಳು ಹೇಳ್ತಿಲ್ಲ ಅಂತ ನಂಗೊತ್ತು ಪದ್ಮಶ್ರೀ. ಆದ್ರೆ ಅದು ಹೇಳಿದ್ದು ನಿಜ ಅಂತ ತೋರಿಸೋಕೂ ಒಂದ್ಸಲ ಕುದುರೆ ಬೇಕಲ್ಲ? ಇಲ್ಲಿವರೆಗೂ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರು ತೋರಿಸಿದಾರೆ ಹೇಳು."

ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ಅವಳಿಗೆ ತಡೆಯಲಾಗದೆ ಹೋದದ್ದು. ಆಪರೇಷನ್ ತಾನು ಮಾಡುವುದಿಲ್ಲ ಎಂದಷ್ಟೇ ಹೇಳಿ ಎದ್ದುಬಂದಳು. "ಸರಿ, ಬೇರೆಯವರನ್ನ ನೋಡ್ತೀನಿ," ಎಂದ ಹರಿಕೃಷ್ಣ.

ಗೌರಿಬಿದನೂರಿನ ಕಡೆ ಮುಚ್ಚಿಹೋಗಿದ್ದ ಒಂದು ಕೋಳಿ ಫಾರ್ಮನ್ನು ಬಾಡಿಗೆಗೆ ಹಿಡಿದು ಲಾಯ ಮಾಡಿದರು. ಕುದುರೆಗಳು ಬಂದ ವಾರ, ರಕ್ತದ ಮಾದರಿ ತರಲು ಪದ್ಮಶ್ರೀ ಅಲ್ಲಿಗೆ ಹೋಗಬೇಕಾಯಿತು. ಶೀಟಿನ ಮಾಡಿನ ಕೆಳಗೆ ಒಂದು ಸಾಲಿನಲ್ಲಿ ಎಂಟು ಕುದುರೆಗಳು ಹುಲ್ಲು ಮೇಯುತ್ತಿದ್ದವು. ಕೊನೆಯದರ ಮೈ ಉಜ್ಜುತ್ತಿದ್ದವನು ತಿರುಗಿದ.

ಷರೀಫ್.

"ಬನ್ನಿ ಬನ್ನಿ ಅಮ್ಮ!" ಎಂದ. ರೇಷ್ಮಾ ಹೋದ ಮೇಲೆ ಅವನ ಮುಖದಲ್ಲಿ ಆ ಕಳೆಯನ್ನು ಅವಳು ನೋಡಿರಲಿಲ್ಲ. "ಹರಿಕೃಷ್ಣ ಸಾಹೇಬ್ರು ಮನೇಗೇ ಬಂದು ಕರೆದ್ರು. ಕುದುರೆ ಗೊತ್ತಿರೋರು ಬೇಕು ಅಂತ. ನೋಡಿ, ನನ್ ರೇಷ್ಮಾ ಉಳಿಸಿದ್ದು! ಎಣಿಸಿದೆ ನಾನು, ಸರಿಯಾಗಿ ಎಂಟು!"

ಅವನು ಒಂದೊಂದನ್ನೇ ಪರಿಚಯಿಸುತ್ತ ಹೋದ. ಇದು ಕಚ್ಚುತ್ತೆ, ಇದಕ್ಕೆ ಗುಡುಗು ಅಂದ್ರೆ ಭಯ, ಇದು ಬೆಲ್ಲಕ್ಕೆ ಪ್ರಾಣ ಬಿಡುತ್ತೆ. ಎಂಟಕ್ಕೂ ಆಗಲೇ ಹೆಸರಿಟ್ಟಿದ್ದ. ಸಾಲಿನ ಕೊನೆ ಮುಟ್ಟಿದಾಗ ಪದ್ಮಶ್ರೀ ಬೇಲಿಯ ಕಂಬ ಹಿಡಿದು ನಿಂತಿದ್ದಳು.

"ಷರೀಫ್ ಸಾಬ್ರೆ, ಇವು ಉಳಿದಿರೋವಲ್ಲ."

ಅವನು ಅರ್ಥವಾಗದೆ ನಕ್ಕ. ಅವಳು ಎಲ್ಲವನ್ನೂ ಹೇಳಿದಳು. ವರದಿ, ಕಂಪನಿ, ಮುಂದಿನ ತಿಂಗಳ ಆಪರೇಷನ್, ಆಮೇಲೆ ಎಪ್ಪತ್ತು ದಿನದ ಪರೀಕ್ಷೆ. ಹೇಳುತ್ತಿರುವಾಗ ಬೆಲ್ಲದ ಆಸೆಯ ಕುದುರೆ ಷರೀಫನ ಭುಜಕ್ಕೆ ಮೂತಿ ಒತ್ತುತ್ತಿತ್ತು. ಅವನು ಅದನ್ನು ತಳ್ಳಲೂ ಇಲ್ಲ, ಸವರಲೂ ಇಲ್ಲ.

"ಹಂಗಾದ್ರೆ ನನ್ನ ಕುದುರೆ ಹೇಳಿದ್ದನ್ನ ಯಾರೂ ಕೇಳಲಿಲ್ಲ," ಎಂದ ಕೊನೆಗೆ.

"ಇಲ್ಲ."

"ನೀವು ಸುಮ್ನಿದ್ರಾ?"

"ನಾನು ಮಾಡಲ್ಲ ಅಂದೆ. ಬೇರೆ ಯಾರೋ ಬರ್ತಾರೆ."

ಷರೀಫ್ ನೀರಿನ ಬಾನಿಯ ಅಂಚಿನ ಮೇಲೆ ಕೂತ. ಅವನು ಕೆಲಸ ಬಿಟ್ಟು ಹೋಗುತ್ತಾನೆಂದೇ ಅವಳು ಎಣಿಸಿದ್ದಳು. ನಾಲ್ಕು ದಿನ ಬಿಟ್ಟು ಅವನ ಫೋನ್ ಬಂತು.

"ಅಮ್ಮ, ಆಪರೇಷನ್ ಮಾಡೋನು ಬಂದಿದ್ದ ಇವತ್ತು, ಕುದುರೆ ನೋಡೋಕೆ. ಸಣ್ಣ ವಯಸ್ಸು. ಹಿಂದುಗಡೆಯಿಂದ ಬಂದು ಸೀದಾ ಕಾಲಿಗೆ ಕೈ ಹಾಕ್ದ. ಹೆದರ್ಕೊಂಡು ಒಂದು ಕುದುರೆ ಗೋಡೆಗೆ ಗುದ್ದಿ ಮೈ ತರಚ್ಕೊಂಡಿದೆ. ಅವನಿಗೆ ಕುದುರೆ ಅಭ್ಯಾಸ ಇಲ್ಲ."

"ನೀವು ಬಿಟ್ಟು ಬನ್ನಿ ಅಲ್ಲಿಂದ," ಎಂದಳು ಪದ್ಮಶ್ರೀ.

"ನಾನು ಬಂದ್ರೆ ಇವುಕ್ಕೆ ಯಾರಿದಾರೆ? ಆಗೋದು ಹೆಂಗೂ ಆಗುತ್ತೆ ಅಂತೀರಿ. ನೀವೇ ಮಾಡಿ ಅಮ್ಮ. ನಿಮ್ಮ ಕೈ ನೋಡಿದೀನಿ ನಾನು. ಒಂದೇ ಏಟಿಗೆ ಮುಗಿಯುತ್ತೆ."

"ನನ್ನ ಕೈಲಿ ಆಗಲ್ಲ."

"ನನ್ನ ಕೈಲಿ ಆಗುತ್ತಾ?" ಎಂದ ಷರೀಫ್.

ಆಪರೇಷನ್ನುಗಳನ್ನು ಪದ್ಮಶ್ರೀಯೇ ಮಾಡಿದಳು. ದಿನಕ್ಕೆ ಎರಡರಂತೆ, ನಾಲ್ಕು ದಿನ. ಪ್ರತಿಯೊಂದು ಕುದುರೆಯನ್ನೂ ಷರೀಫ್ ನಡೆಸಿಕೊಂಡು ಬಂದು, ಅರಿವಳಿಕೆ ಏರುವವರೆಗೆ ತಲೆ ಹಿಡಿದು ನಿಂತು, ಅದು ಮಲಗಿದ ಮೇಲೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಎಚ್ಚರವಾಗುವ ಹೊತ್ತಿಗೆ ಮತ್ತೆ ತಲೆಯ ಹತ್ತಿರ ಇರುತ್ತಿದ್ದ. ಅವಳ ಕೈ ಈಗಲೂ ನಡುಗಲಿಲ್ಲ. ಆದರೆ ಕೊನೆಯ ದಿನ ಮನೆಗೆ ಬಂದವಳು ಎರಡು ದಿನ ಅನ್ನ ಮುಟ್ಟಲಿಲ್ಲ. ಅಮ್ಮಾಜಮ್ಮ ಏನಾಯಿತೆಂದು ಕೇಳಿದ್ದಕ್ಕೆ ತಲೆನೋವು ಎಂದಳು.

ಔಷಧಿ ಶುರುವಾಯಿತು. ಎರಡು ಕುದುರೆಗಳಿಗೆ ಬರೀ ಉಪ್ಪುನೀರು, ಮೂರಕ್ಕೆ ಕಡಿಮೆ ಪ್ರಮಾಣ, ಮೂರಕ್ಕೆ ಹೆಚ್ಚು. ಯಾವುದಕ್ಕೆ ಯಾವುದು ಎಂದು ಇಂಜೆಕ್ಷನ್ ಕೊಡುವ ಪದ್ಮಶ್ರೀಗೂ ತಿಳಿಸುವಂತಿರಲಿಲ್ಲ. ಬರೀ ನಂಬರಿನ ಸೀಸೆಗಳು ಬರುತ್ತಿದ್ದವು. ಆದರೂ ಐದನೆಯ ವಾರಕ್ಕೆ ಷರೀಫನಿಗೆ ಗೊತ್ತಾಗಿತ್ತು. "ಈ ಮೂರು," ಎಂದು ಬೆರಳು ಮಾಡಿ ತೋರಿಸಿದ. ಆ ಮೂರರ ಮಂಡಿಗಳು ಊದಿ ಬಿಸಿಯಾಗಿದ್ದವು. ಬೆಲ್ಲದ ಕುದುರೆ ಅವುಗಳಲ್ಲೊಂದು. ಅವನು ಹಗಲೆಲ್ಲ ಒದ್ದೆ ಗೋಣಿಪಟ್ಟಿ ಸುತ್ತುತ್ತ, ತೆಗೆಯುತ್ತ ಇದ್ದ. ಹಾಗೆ ಸುತ್ತುವುದು ನಿಯಮದಲ್ಲಿರಲಿಲ್ಲ. ಪದ್ಮಶ್ರೀ ಅದನ್ನು ವರದಿಯಲ್ಲಿ ಬರೆದಳು, ಆದರೆ ನಿಲ್ಲಿಸು ಎನ್ನಲಿಲ್ಲ.

ಅರವತ್ತೊಂದನೆಯ ದಿನ ಬೆಲ್ಲದ ಕುದುರೆ ಏಳಲೇ ಇಲ್ಲ. ಪದ್ಮಶ್ರೀ ಹರಿಕೃಷ್ಣನಿಗೆ ಫೋನ್ ಮಾಡಿ, "ಇನ್ನು ಎಪ್ಪತ್ತು ಕಾಯಲ್ಲ ಸಾರ್," ಎಂದಳು. ಅವನು ಬಂದ. ಕುದುರೆಯ ಪಕ್ಕ ಕೂತು ಊದಿದ ಮಂಡಿಯನ್ನು ಮುಟ್ಟಿ ನೋಡಿದ. "ನಿಲ್ಲಿಸ್ಬಿಡು," ಎಂದ. ಅವತ್ತು ಒಂದನ್ನು, ಮರುದಿನ ಇನ್ನೆರಡನ್ನು ಇಂಜೆಕ್ಷನ್ ಕೊಟ್ಟು ಕೊನೆಗಾಣಿಸಬೇಕಾಯಿತು. ಉಳಿದ ಐದು ಕುಂಟುತ್ತಲೇ ಲಾರಿ ಹತ್ತಿ, ಅನಾಥ ಪ್ರಾಣಿಗಳನ್ನು ಸಾಕುವ ಒಂದು ಜಾಗಕ್ಕೆ ಹೋದವು.

ಸೀಸೆಗಳ ಗುಟ್ಟು ಬಿಚ್ಚಿದಾಗ ಷರೀಫ್ ತೋರಿಸಿದ ಮೂರೂ ಹೆಚ್ಚು ಪ್ರಮಾಣದವೇ. ಸತ್ತ ಕುದುರೆಗಳ ಮೆದುಮೂಳೆಯ ಚಿತ್ರವನ್ನೂ ರೇಷ್ಮಾಳ ತಟ್ಟೆಯ ಚಿತ್ರವನ್ನೂ ಪದ್ಮಶ್ರೀ ಒಂದೇ ಪುಟದಲ್ಲಿ ಹಾಕಿದಳು. ಹೆಸರು ಮುಚ್ಚಿಟ್ಟು ತೋರಿಸಿದರೆ ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ. ಕಂಪನಿ ಔಷಧಿಯನ್ನು ಕೈಬಿಟ್ಟಿತು. ಒಂದು ಸಾಲಿನ ಇಮೇಲ್ ಬಂತು.

ಷರೀಫ್ ಚಿಂತಾಮಣಿಗೆ ಹಿಂತಿರುಗಿದ. ಅವನು ಮತ್ತೆ ಲ್ಯಾಬಿಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ತಾನೇ ಫೋನ್ ಮಾಡುವ ಧೈರ್ಯ ಪದ್ಮಶ್ರೀಗೂ ಇರಲಿಲ್ಲ.

ಜನವರಿಯಲ್ಲಿ ಅವಳೇ ಹೋದಳು. ಅವನ ಮನೆ ಹಿಂದಿನ ಲಾಯದಲ್ಲಿ ಯಾರೋ ಟೊಮೆಟೊ ಕ್ರೇಟುಗಳನ್ನು ಪೇರಿಸಿದ್ದರು. ಷರೀಫ್ ಬಾಗಿಲಲ್ಲೇ ಕೂತಿದ್ದ, ಇನ್ನಷ್ಟು ಸೊರಗಿದ್ದ. ಅವಳನ್ನು ಕಂಡು ಎದ್ದು ಕುರ್ಚಿ ಹಾಕಿದ. ಬಿಸ್ಮಿಲ್ಲಾ ಬೀ ಟೀ ತಂದಿಟ್ಟು ಒಳಗೆ ಹೋದಳು.

"ಒಂದು ವಿಷಯ ಹೇಳೋಕೆ ಬಂದೆ," ಎಂದಳು ಪದ್ಮಶ್ರೀ. "ಇನ್ನೊಂದು ಔಷಧಿ ಬರ್ತಾ ಇದೆ. ನಾವು ಕಳಿಸಿದ ಫೋಟೋ ಎಲ್ಲಾ ಸಮಿತಿಯೋರು ನೋಡಿದಾರೆ. ಈ ಸಲ ಮೊದಲು ತಟ್ಟೇಲೇ ಮಾಡ್ಬೇಕಂತೆ. ಅದರಲ್ಲಿ ಹಾಳಾದ ಪ್ರಮಾಣ ಕುದುರೆಗೆ ಕೊಡೋಹಂಗಿಲ್ಲ. ಕುದುರೇನೂ ಎಂಟಲ್ಲ, ನಾಲ್ಕು ಸಾಕು ಅಂದಿದಾರೆ."

"ನಾಲ್ಕು."

"ಹೌದು."

"ಒಂದೂ ಬೇಡ ಅನ್ನೋದು ಯಾವಾಗ?"

"ಗೊತ್ತಿಲ್ಲ ಷರೀಫ್ ಸಾಬ್ರೆ. ನಾನಿರೋಷ್ಟು ದಿನದಲ್ಲಿ ಆಗುತ್ತೋ ಇಲ್ವೋ."

ಅವನು ಲೋಟ ಕೈಯಲ್ಲಿ ತಿರುಗಿಸುತ್ತ ಕೂತ. ಬೀದಿಯಲ್ಲಿ ತರಕಾರಿ ಗಾಡಿಯವನೊಬ್ಬ ತೆಲುಗಿನಲ್ಲಿ ಕೂಗುತ್ತ ಹೋದ. ಇವನನ್ನು ಸಮಾಧಾನ ಮಾಡಲೆಂದು ತಾನು ಬಂದಿಲ್ಲ, ತನಗೆ ಬೇಕಾದ ಏನನ್ನೋ ಇವನಿಂದ ಕೇಳಲು ಬಂದಿದ್ದೇನೆ ಎಂದು ಪದ್ಮಶ್ರೀಗೆ ಅನ್ನಿಸಿತು. ಅದೇನೆಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

"ಯಾವಾಗ ಬರ್ತಾವೆ?" ಎಂದ ಷರೀಫ್.

"ಯುಗಾದಿ ಕಳೆದ ಮೇಲೆ."

ಒಳಗಿನಿಂದ ಬಿಸ್ಮಿಲ್ಲಾ ಬೀಯ ದನಿ ಬಂತು. "ನಕ್ಕೋ ಜಾವೋ ಜೀ," ಹೋಗಬೇಡಿ ಎಂದಳು ಅವಳು ಗಂಡನಿಗೆ. "ಆ ಸಲ ಅಲ್ಲಿಂದ ಬಂದ್ಮೇಲೆ ಎರಡು ತಿಂಗಳು ನಿದ್ದೆ ಮಾಡಲಿಲ್ಲ ಇವರು," ಎಂದಳು ಪದ್ಮಶ್ರೀಗೆ ಕೇಳುವಂತೆ ಕನ್ನಡದಲ್ಲಿ.

ಪದ್ಮಶ್ರೀ ಲೋಟ ಕೆಳಗಿಟ್ಟು ಎದ್ದಳು. ಷರೀಫ್ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಎದ್ದು, ಅವಳ ಜೊತೆ ಬೀದಿಯ ತಿರುವಿನವರೆಗೂ ಬಂದ.

"ಅವು ಬರೋಕೆ ಒಂದು ವಾರ ಮುಂಚೆ ಹೇಳಿ," ಎಂದ. "ಹುಲ್ಲು ನಾನೇ ನೋಡಿ ತಗೋಬೇಕು. ಹೋದ ಸಲ ತರಿಸಿದ್ದರಲ್ಲಿ ಅರ್ಧ ಬೂಷ್ಟು ಹಿಡಿದಿತ್ತು."

ಆಗಲಿ ಎಂದು ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು.